ಆಪಲ್ ಕೇಕ್‌ಗೆ ಹೋಳು ಹಾಕೋದಾ, ತುರಿಯೋದಾ, ಸಾಸ್ ಸಾಕಾ?

ಅಕ್ಟೋಬರ್ ಬಂದರೆ ಅಮೆರಿಕದ ಅಂಗಡಿಗಳ ತುಂಬಾ ಹೊಸ ಸೇಬು. ಚಕ್ಕೆ, ಲವಂಗ, ಜಾಯಿಕಾಯಿ ಹಾಕಿ ಸುಲಭದ ಕೇಕ್ ಮಾಡಬೇಕು, ಸೇಬನ್ನು ಹೇಗೆ ಸೇರಿಸಲಿ ಅಂತ ಕೇಳಿದ್ದೀರಿ.

ರುಚಿಯೇ ಮುಖ್ಯ ಅಂದರೆ ನನ್ನ ಒಲವು ಹೋಳಿನ ಕಡೆ. ಪ್ರತಿ ತುತ್ತಿನಲ್ಲೂ ಹಣ್ಣು ಸಿಗುತ್ತದೆ. ಆದರೆ ಗ್ರಾನಿ ಸ್ಮಿತ್ ಥರದ ಗಟ್ಟಿ, ಹುಳಿ ಸೇಬು ಬೇಕು. ಮ್ಯಾಕಿಂಟಾಷ್ ಸೇಬು ಬೆಂದರೆ ಕರಗಿಹೋಗುತ್ತದೆ. ಹೋಳು ಅರ್ಧ ಇಂಚಿಗಿಂತ ದೊಡ್ಡದಾದರೆ ಕತ್ತರಿಸುವಾಗ ಕೇಕ್ ಒಡೆಯುತ್ತದೆ.

ಹಣ್ಣಿನ ಚೂರು ಕಂಡರೆ ಆಗದ ಮಕ್ಕಳಿದ್ದಾರಾ? ತುರಿಯಿರಿ. ಹಿಟ್ಟಿನಲ್ಲಿ ಸಮನಾಗಿ ಬೆರೆಯುತ್ತದೆ. ರಸ ಜಾಸ್ತಿ ಬಿಟ್ಟರೆ ಸ್ವಲ್ಪ ಹಿಂಡಿ ಹಾಕಿ, ಇಲ್ಲದಿದ್ದರೆ ನಡುಭಾಗ ಅಂಟಂಟಾಗುತ್ತದೆ.

ಕೆಲಸ ಕಡಿಮೆ ಆಗಬೇಕಾದರೆ ಡಬ್ಬಿಯ ಆಪಲ್ ಸಾಸ್, ಅಂದರೆ ಬೇಯಿಸಿ ಮಸೆದ ಸೇಬು. ಸಕ್ಕರೆ ಹಾಕದ್ದನ್ನೇ ತನ್ನಿ. ಮೊಟ್ಟೆ ತಿನ್ನದ ಮನೆಗೆ ಇದು ನಿಜಕ್ಕೂ ಉಪಕಾರ: ಒಂದು ಮೊಟ್ಟೆಯ ಬದಲು ಕಾಲು ಕಪ್ ಸಾಸ್ ಹಾಕಬಹುದು. ಅರ್ಧದಷ್ಟು ಎಣ್ಣೆಯನ್ನೂ ಇದರಿಂದ ಉಳಿಸಬಹುದು. ಎಣ್ಣೆಯನ್ನು ಪೂರ್ತಿ ಕೈಬಿಡಬೇಡಿ, ಕೇಕ್ ಗಡುಸಾಗುತ್ತದೆ. ಸೇಬಿನ ರುಚಿ ಮಾತ್ರ ಇದರಲ್ಲಿ ತೆಳು. ಮಸಾಲೆ ಚಿಟಿಕೆ ಹೆಚ್ಚಿಸಿ.

ಮೂರಕ್ಕೂ ಓವನ್ 350 ಡಿಗ್ರಿ ಫ್ಯಾರನ್‌ಹೀಟ್ ಸಾಕು, ಅಂದರೆ ಸುಮಾರು 175 ಸೆಲ್ಸಿಯಸ್. ಹೋಳು ಹಾಕಿದ್ದರೆ ಕಡ್ಡಿ ಚುಚ್ಚಿ ನೋಡುವಾಗ ಎರಡು ಕಡೆ ಚುಚ್ಚಿ. ಹಣ್ಣಿಗೆ ತಾಗಿದ ಕಡ್ಡಿ, ಕೇಕ್ ಬೆಂದಿದ್ದರೂ ಒದ್ದೆಯಾಗೇ ಬರುತ್ತದೆ.