ಪೇಂಟಿಂಗ್ ಥಿಯರಿಗೆ ‘ಗ್ಯಾರಂಟಿ ನೋಟ್ಸ್’ ಕೊಳ್ಳುವ ಮುನ್ನ ಇದನ್ನು ಓದಿ

ಸಿಬಿಎಸ್‌ಇ ಹನ್ನೆರಡನೇ ತರಗತಿಯಲ್ಲಿ ಪೇಂಟಿಂಗ್ ವಿಷಯ ತೆಗೆದುಕೊಂಡಿರುವ ಮಕ್ಕಳ ತಂದೆತಾಯಂದಿರು, ಅದರಲ್ಲೂ ನಮ್ಮ ಕೊಡಗಿನವರು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ‘ಥಿಯರಿ ಗ್ಯಾರಂಟಿ ಪ್ಯಾಕೇಜ್’ಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ನಾವು ಎರಡೂವರೆ ಸಾವಿರ ರೂಪಾಯಿ ಕಳುಹಿಸಿದ್ದೇವೆ.

ಈ ವಿಷಯಕ್ಕೆ ಪ್ರಾಯೋಗಿಕದಲ್ಲಿ 70 ಅಂಕ, ಎರಡು ಗಂಟೆಯ ಥಿಯರಿಯಲ್ಲಿ 30 ಅಂಕ. ಕೈ ಚೆನ್ನಾಗಿರುವ ಮಕ್ಕಳು 70ರ ಬಗ್ಗೆ ಚಿಂತಿಸುವುದಿಲ್ಲ, ಅವರಿಗೆ ಭಯ ಹುಟ್ಟಿಸುವುದು ಈ 30. ಗೋಣಿಕೊಪ್ಪ, ವಿರಾಜಪೇಟೆಯ ಕಡೆ ಗಣಿತಕ್ಕೂ ಭೌತಶಾಸ್ತ್ರಕ್ಕೂ ಟ್ಯೂಷನ್ ಸಿಗುತ್ತದೆ. ರಾಜಸ್ಥಾನಿ, ಪಹಾಡಿ, ಮೊಘಲ್, ದಖ್ಖನಿ ಚಿತ್ರಕಲಾ ಶೈಲಿಗಳನ್ನು ಬಿಡಿಸಿ ಹೇಳುವವರು ನಮಗಂತೂ ಸಿಗಲಿಲ್ಲ. ಪರೀಕ್ಷೆ ಹತ್ತಿರವಾಗುವ ಹೊತ್ತಿಗೆ ಇಲ್ಲಿ ಕಾಫಿ ಕೊಯ್ಲು, ಕೆಲಸದವರನ್ನು ಬಿಟ್ಟು ಮಗಳನ್ನು ಮೈಸೂರಿಗೆ ಕರೆದೊಯ್ಯುವುದು ಆಗದ ಮಾತು. ಇದೆಲ್ಲವೂ ಈ ನೋಟ್ಸ್ ಮಾರುವ ಮನುಷ್ಯನಿಗೆ ಚೆನ್ನಾಗಿ ಗೊತ್ತಿದೆ, ಅದನ್ನೇ ಹೇಳಿಕೊಂಡು ಮಾರುತ್ತಾನೆ.

ಹಣ ಹೋದ ಮೇಲೆ ಬಂದ ಪಿಡಿಎಫ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪುಟಗಳು ಸಿಂಧೂ ಕಣಿವೆ ಮತ್ತು ಅಜಂತಾದ ಬಗ್ಗೆ ಇದ್ದವು. ಅವು ಹನ್ನೊಂದನೇ ತರಗತಿಯ ಪಾಠಗಳು. ಉಳಿದದ್ದಾದರೂ ಸರಿಯಿದೆಯೇ ಎಂದರೆ, ರಾಜಸ್ಥಾನಿ ಶೈಲಿಯಲ್ಲಿ ಕಿಶನ್‌ಗಢದ ನಿಹಾಲ್ ಚಂದ್ ಬರೆದ ‘ಬನಿ ಠನಿ’ ಚಿತ್ರವನ್ನು ಪಹಾಡಿಯ ಕಾಂಗ್ಡಾ ಶೈಲಿಗೆ ಸೇರಿಸಿ, ಚಿತ್ರಕಾರ ನೈನ್‌ಸುಖ್ ಎಂದು ಅಚ್ಚು ಹಾಕಿದ್ದಾರೆ. 1941ರಲ್ಲಿಯೇ ತೀರಿಕೊಂಡ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರನ್ನು, 1947ರಲ್ಲಿ ಬಾಂಬೆಯಲ್ಲಿ ಸೋಜಾ, ರಜಾ, ಹುಸೇನ್ ಮೊದಲಾದವರು ಕಟ್ಟಿದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಎಂಬ ಕಲಾವಿದರ ಸಂಘದ ಸ್ಥಾಪಕರ ಸಾಲಿನಲ್ಲಿ ಕೂರಿಸಿದ್ದಾರೆ. ದಖ್ಖನಿ ಶೈಲಿಯ ಕೇಂದ್ರಗಳಲ್ಲಿ ಅಹ್ಮದ್‌ನಗರವಿದೆ, ಗೋಲ್ಕೊಂಡವಿದೆ, ಬಿಜಾಪುರವೇ ಇಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾ ಆಳಿದ, ನಮ್ಮದೇ ರಾಜ್ಯದ ಬಿಜಾಪುರವನ್ನು ಕನ್ನಡಿಗನೊಬ್ಬ ಕನ್ನಡಿಗರಿಗೆ ಮಾರುವ ನೋಟ್ಸ್‌ನಿಂದ ಬಿಟ್ಟಿದ್ದಾನೆಂದರೆ ಏನು ಹೇಳಬೇಕು?

ಇಷ್ಟನ್ನೂ ಅಜಾಗರೂಕತೆ ಎಂದು ಸಹಿಸಬಹುದಿತ್ತೇನೋ. ಕೊನೆಯಲ್ಲಿ ‘ಈ ವರ್ಷ ಬರಲಿರುವ ಪ್ರಶ್ನೆಗಳು’ ಎಂಬ ಭಾಗವಿತ್ತು, ನಾವು ಹಣ ಕೊಟ್ಟದ್ದೇ ಅದಕ್ಕೆ. ಮಗಳು ಮೊಬೈಲಿನಲ್ಲಿ ಆ ಪುಟವನ್ನು ದೊಡ್ಡದು ಮಾಡಿ, “ಅವ್ವ, ಇಲ್ಲಿ ನೋಡು” ಎಂದಳು. ಬಲಮೂಲೆಯಲ್ಲಿ, ಅವರ ಬಣ್ಣದ ಮುದ್ರೆಯ ಅಂಚಿನಿಂದ ಹೊರಗೆ, ‘ಪಿ.ಟಿ.ಓ.’ (ಪುಟ ತಿರುಗಿಸಿ) ಎಂಬ ಅಕ್ಷರಗಳು ಇಣುಕುತ್ತಿದ್ದವು. ಸಿಬಿಎಸ್‌ಇಯ ಹಳೆಯ ಪ್ರಶ್ನೆಪತ್ರಿಕೆಯ ಪುಟವನ್ನೇ ತೆಗೆದುಕೊಂಡು, ವರ್ಷ ಕಾಣದಂತೆ ಮುದ್ರೆ ಒತ್ತಿ ನಮಗೆ ಮಾರಿದ್ದರು. ಅದೇ ಪತ್ರಿಕೆ ಮಂಡಳಿಯ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಅದೇ ಪತ್ರಿಕೆ, ಅದೇ ಪ್ರಶ್ನೆಗಳು, ಒಂದು ಅಕ್ಷರವೂ ಬದಲಾಗಿಲ್ಲ. ಆ ಕ್ಷಣದಲ್ಲಿ ಮಗಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಈ ತಪ್ಪುಗಳ ಬಗ್ಗೆ ನೋಟ್ಸ್ ಮಾರಿದವರನ್ನು ಕೇಳಿದ್ದಕ್ಕೆ ಬಂದ ಉತ್ತರಗಳನ್ನು ಇದ್ದಹಾಗೆಯೇ ಬರೆಯುತ್ತೇನೆ. ಬನಿ ಠನಿಯ ಬಗ್ಗೆ: “ಕಾಂಗ್ಡಾ, ಕಿಶನ್‌ಗಢ ಎರಡೂ ನಾರ್ತ್ ಇಂಡಿಯಾನೇ ಅಲ್ವಾ ಮೇಡಂ, ಅದಕ್ಕೆಲ್ಲ ಮಾರ್ಕ್ಸ್ ಕಟ್ ಮಾಡಲ್ಲ.” ಚಿತ್ರ ಯಾವ ಉಪಶೈಲಿಯದು, ಯಾರು ಬರೆದದ್ದು ಎಂದು ಗುರುತಿಸುವುದೇ ಪರೀಕ್ಷೆಯ ಮುಖ್ಯ ಭಾಗವಾಗಿರುವಾಗ ಈ ಮಾತು! ಶೇರ್‌ಗಿಲ್ ಬಗ್ಗೆ: “ನಿಮ್ಮ ಕೂರ್ಗ್‌ನಲ್ಲಿ ನೆಟ್‌ವರ್ಕ್ ಪ್ರಾಬ್ಲಂ ಇರುತ್ತೆ, ಫೈಲ್ ಸರಿಯಾಗಿ ಡೌನ್‌ಲೋಡ್ ಆಗಿರಲ್ಲ.” ನೆಟ್‌ವರ್ಕ್ ಹೋದರೆ ಫೈಲ್ ತೆರೆಯದೇ ಇರಬಹುದು, ಸತ್ತವರು ಸಂಘ ಕಟ್ಟುವುದಿಲ್ಲ ಎಂದು ಬರೆದೆ. ಹಣ ಹಿಂದಿರುಗಿಸಿ ಎಂದಾಗ, “ಡಿಜಿಟಲ್ ಐಟಂ ರಿಟರ್ನ್ ಇಲ್ಲ, ನಿಮ್ಮ ಮಗಳು ಓದ್ಕೊಂಡಾಯ್ತಲ್ಲ” ಎಂದು ಉತ್ತರಿಸಿ, ಮರುದಿನ ನನ್ನ ನಂಬರನ್ನು ಬ್ಲಾಕ್ ಮಾಡಿದರು. ಓದಿಕೊಂಡಾಯಿತಂತೆ! ಈಗ ಆ ಹುಡುಗಿ ತಪ್ಪಾಗಿ ಬಾಯಿಪಾಠ ಮಾಡಿದ್ದನ್ನು ಮರೆಯುವುದಕ್ಕೇ ಸಮಯ ಕಳೆಯುತ್ತಿದ್ದಾಳೆ.

ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಪಠ್ಯಪುಸ್ತಕವನ್ನು ಅದರ ಜಾಲತಾಣದಿಂದಲೇ ಇಳಿಸಿಕೊಳ್ಳಿ, ಮಾದರಿ ಪ್ರಶ್ನೆಪತ್ರಿಕೆಯೂ ಅದರ ಅಂಕ ಹಂಚಿಕೆಯೂ ಸಿಬಿಎಸ್‌ಇ ಜಾಲತಾಣದಲ್ಲಿವೆ. ಯಾರಾದರೂ ನೋಟ್ಸ್ ಮಾರಲು ಬಂದರೆ, ಹಣಕ್ಕೆ ಮೊದಲು ಬನಿ ಠನಿಯ ಪುಟವೊಂದನ್ನು ಕೇಳಿ. ಈಗಾಗಲೇ ಹಣ ಕೊಟ್ಟವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ನಾನು ಕೊಟ್ಟಿದ್ದೇನೆ, ದೂರಿನ ಸಂಖ್ಯೆ ಬಂದಿದೆ, ಹಣ ಬಂದಿಲ್ಲ. ಆ ಪಿಡಿಎಫ್‌ನ ಮುಖಪುಟ ಹಸಿರು ಬಣ್ಣದ್ದು, ನಡುವೆ ನವಿಲುಗರಿಯ ಚಿತ್ರವಿದೆ, ‘ನೂರಕ್ಕೆ ನೂರು’ ಎಂದು ಕೆಂಪಿನಲ್ಲಿ ಬರೆದಿದೆ. ನಿಮ್ಮ ಶಾಲೆಯ ಗುಂಪಿಗೆ ಅದು ಬಂದರೆ, ಈ ಬರಹವನ್ನು ಅದರ ಕೆಳಗೇ ಹಾಕಿ.