ಲೋಕಾಪುರ ಭಾಗದಲ್ಲಿ ಸುಣ್ಣದಕಲ್ಲಿನ ರಿಸರ್ವ್ ಲೆಕ್ಕ: ಲೆಕ್ಕ ಚೊಕ್ಕ, ಸ್ಯಾಂಪಲ್ ಸಡಿಲ

ಬಾಗಲಕೋಟೆ ಜಿಲ್ಲೆಯ ಲೋಕಾಪುರ ಹತ್ತಿರದ ಗಣಿಯೊಂದಕ್ಕೆ ಬೋರ್ ಹಾಕಿ, ಕೋರ್ (ಕೊರೆದಾಗ ಸಿಗುವ ಕಲ್ಲಿನ ಉದ್ದನೆಯ ಕಂಬಿ) ತೆಗೆದು, ಎಷ್ಟು ಟನ್ ಕಲ್ಲು ಲಾಭಕ್ಕೆ ಸಿಗುತ್ತದೆ (ಇದೇ ರಿಸರ್ವ್) ಎಂದು ಲೆಕ್ಕ ಕೊಟ್ಟ ಖಾಸಗಿ ಸೇವೆಯ ವಿಮರ್ಶೆ ಇದು. 5ಕ್ಕೆ 3 ಅಂಕ.

ಮೆಚ್ಚಬೇಕಾದ್ದು ಏನೆಂದರೆ, ನೆಲದೊಳಗಿನ ಕಲ್ಲನ್ನೆಲ್ಲ ರಿಸರ್ವ್ ಎಂದು ಬರೆದಿಲ್ಲ. 10 ಹೆಕ್ಟೇರಿನ ಚೌಕ ಜಾಗ, 20 ಮೀಟರ್ ದಪ್ಪದ ಕಲ್ಲು, ಘನಮೀಟರಿಗೆ 2.5 ಟನ್ ಹಿಡಿದರೆ 50 ಲಕ್ಷ ಟನ್. ಲೀಸ್ ಗಡಿಯಿಂದ 7.5 ಮೀಟರ್ ಬಿಟ್ಟು, ಗುಂಡಿಯ ಬದಿಯನ್ನು 45 ಡಿಗ್ರಿ ಇಳಿಜಾರಿಗೆ ನಿಲ್ಲಿಸಿದರೆ ಉಳಿಯುವುದು ಸುಮಾರು 39.6 ಲಕ್ಷ. ಈ ಕಡಿತವನ್ನು ಅಡ್ಡಸೀಳಿನ ನಕ್ಷೆ ಸಮೇತ ತೋರಿಸಿದ್ದಾರೆ. ಬ್ಯಾಂಕ್ ಸಾಲಕ್ಕೆ ಓಡಾಡುವವರಿಗೆ ಇದು ದೊಡ್ಡ ಅನುಕೂಲ.

ಎಡವಿದ್ದು ಸ್ಯಾಂಪಲ್‌ನಲ್ಲಿ. ಈ ಭಾಗದ ಕಲಾದಗಿ ಶಿಲಾಪದರಗಳಲ್ಲಿ ಸುಣ್ಣದಕಲ್ಲಿನ ನಡುವೆ ಡಾಲಮೈಟ್ ಪಟ್ಟಿಗಳು, ಅಂದರೆ ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ಹೆಚ್ಚಿರುವ ಕಲ್ಲು, ಬರುತ್ತವೆ. ಇವರು ಪದರ ನೋಡದೆ 3 ಮೀಟರಿಗೊಂದು ಸ್ಯಾಂಪಲ್ ಕತ್ತರಿಸಿದ್ದಾರೆ. 2 ಮೀಟರ್ ಒಳ್ಳೆಯ ಕಲ್ಲಿನಲ್ಲಿ ಮೆಗ್ನೀಷಿಯಾ 1.5%, ಕೆಳಗಿನ 1 ಮೀಟರ್ ಡಾಲಮೈಟಿನಲ್ಲಿ 18% ಇದ್ದರೆ ಸರಾಸರಿ 7% ಆಗಿ ಮೂರೂ ಮೀಟರ್ ಕಸಕ್ಕೆ ಹೋಗುತ್ತದೆ. 1 ಟನ್ ಕ್ಲಿಂಕರಿಗೆ (ಗೂಡಿನಲ್ಲಿ ಸುಟ್ಟು ತೆಗೆದ, ಅರೆದರೆ ಸಿಮೆಂಟ್ ಆಗುವ ಗಟ್ಟಿ) ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು ಬೇಕು. ಮೆಗ್ನೀಷಿಯಾ ಸುಟ್ಟು ಹೋಗುವುದಿಲ್ಲ, ಕಲ್ಲಿನ 4% ಕ್ಲಿಂಕರಿನಲ್ಲಿ 6% ಆಗುತ್ತದೆ. ಸಾದಾ ಸಿಮೆಂಟಿನ ಮಿತಿಯೂ ಅದೇ 6%. ಹಾಗಾಗಿ ಸಿಮೆಂಟ್ ಕಾರ್ಖಾನೆಯವರು ಮೊದಲು ನೋಡುವುದೇ ಇದನ್ನು. ಎರಡು ಕಲ್ಲನ್ನು ಗುರುತಿಸಿ ಬೇರೆ ಮಾಡುವುದು ಕಷ್ಟವೂ ಅಲ್ಲ: 10% ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ಸುಣ್ಣದಕಲ್ಲು ಚುರ್ರೆಂದು ನೊರೆಯೇಳುತ್ತದೆ, ಡಾಲಮೈಟ್ ಸುಮ್ಮನಿರುತ್ತದೆ. ಚಾಕುವಿನಿಂದ ಕೆರೆದು ಪುಡಿ ಮಾಡಿ ಹನಿ ಹಾಕಿದರೆ ಮಾತ್ರ ಮೆಲ್ಲಗೆ ಗುಳ್ಳೆ ಬಿಡುತ್ತದೆ. ಆ ಗೆರೆಯಲ್ಲೇ ಕೋರ್ ಕತ್ತರಿಸಬೇಕಿತ್ತು. ಪಟ್ಟಿ ಒಂದು ಅಡಿಗಿಂತ ತೆಳುವಾಗಿದ್ದರೆ ಮಾತು ಬೇರೆ. ಅಷ್ಟನ್ನು ಎಕ್ಸ್‌ಕವೇಟರ್ ಬಕೆಟ್ ಬೇರ್ಪಡಿಸಲಾರದು, ಬೆರೆಸಿಯೇ ಲೆಕ್ಕ ಹಿಡಿಯಬೇಕು.

ಸಾಂದ್ರತೆಯನ್ನೂ ಅಳೆದಿಲ್ಲ, 2.5 ಎಂದು ಊಹಿಸಿದ್ದಾರೆ. 0.1 ತಪ್ಪಿದರೂ ಮೇಲಿನ ಉದಾಹರಣೆಯಲ್ಲಿ 2 ಲಕ್ಷ ಟನ್ ಆಚೀಚೆ. ಕೋರ್ ತುಂಡನ್ನು ಒಣಗಿಸಿ ತೂಗಿ, ನೀರಲ್ಲಿ ಮುಳುಗಿಸಿ ಮತ್ತೆ ತೂಗಿದರೆ ಮುಗಿಯುವ ಕೆಲಸ. ಇನ್ನೊಂದು: 1.5 ಮೀಟರ್ ಕೊರೆದಲ್ಲಿ 1.1 ಮೀಟರ್ ಕೋರ್ ಬಂದಿದ್ದರೆ, ನೀರಿಗೆ ತೊಳೆದುಹೋದದ್ದು ಹೆಚ್ಚಾಗಿ ಸಂದಿನ ಮಣ್ಣು. ಅದನ್ನು ಕಳೆಯದಿದ್ದರೆ ಕಲ್ಲಿನ ಗುಣಮಟ್ಟ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಸೀಳಿದ ಕೋರಿನ ಉಳಿದರ್ಧವನ್ನು ಆಳ ಬರೆದು ಪೆಟ್ಟಿಗೆಗಳಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಹೀಗಾಗಿ ಮರು ಸ್ಯಾಂಪಲ್‌ಗೆ ಹೊಸ ಬೋರ್ ಬೇಕಿಲ್ಲ. ಕರಾರಿಗೆ ಸಹಿ ಹಾಕುವ ಮುಂಚೆ ಪದರವಾರು ಸ್ಯಾಂಪಲ್ ಎಂದು ಬರೆಸಿಕೊಳ್ಳಿ.