ಕ್ರೂಸ್ ಹಡಗಿನ ಲೆಕ್ಕ: ಕ್ರೆಡಿಟ್ ಕಾರ್ಡೋ, ಡೆಬಿಟ್ಟೋ, ನಗದೋ?

ಸಿಂಗಾಪುರದಿಂದ ಹೊರಡುವ ದೊಡ್ಡ ಕ್ರೂಸ್ ಹತ್ತಿದ ಮೇಲೆ ಪರ್ಸ್ ತೆಗೆಯುವ ಪ್ರಮೇಯ ಕಡಿಮೆ. ಕಾಫಿ, ವೈಫೈ, ದಿನದ ಟಿಪ್ಸ್ ಎಲ್ಲವೂ ರೂಮಿನ ಬಾಗಿಲು ತೆರೆಯುವ ಕಾರ್ಡಿನ ಲೆಕ್ಕಕ್ಕೇ ಸೇರುತ್ತವೆ, ಹೆಚ್ಚಾಗಿ ಅಮೆರಿಕನ್ ಡಾಲರ್‌ನಲ್ಲಿ.

ನನ್ನ ಓಟು ಕ್ರೆಡಿಟ್ ಕಾರ್ಡಿಗೆ. ರೂಮಿನ ಲೆಕ್ಕಕ್ಕೆ ಒಮ್ಮೆ ಜೋಡಿಸಿದರೆ ಮುಗಿಯಿತು, ಇಳಿಯುವ ದಿನ ತಾನಾಗಿ ಚುಕ್ತಾ. ಖರ್ಚು ಮಾತ್ರ ಇದೆ: ಬ್ಯಾಂಕು ಶೇ 3.5 ಮಾರ್ಕಪ್ (ವಿದೇಶಿ ಕರೆನ್ಸಿಯ ಖರ್ಚಿಗೆ ಹಾಕುವ ಶುಲ್ಕ) ಹಾಕಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿಸಿದರೆ 300 ಡಾಲರ್ ಬಿಲ್ಲಿಗೆ ಸುಮಾರು 12 ಡಾಲರ್ ಹೆಚ್ಚುವರಿ. ಮಾರ್ಕಪ್ ಕಡಿಮೆ ಇರುವ ಕಾರ್ಡನ್ನೇ ಒಯ್ಯಿರಿ. ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಊರಲ್ಲಿದ್ದಾಗಲೇ ಆನ್ ಮಾಡಿ. ನಡುಸಮುದ್ರದಲ್ಲಿ ಒಟಿಪಿಗೆ ಕಾಯುತ್ತಾ ಕೂರಬೇಡಿ. ‘ರೂಪಾಯಿಯಲ್ಲೇ ಕಟ್ಟುತ್ತೀರಾ?’ ಎಂದು ಕೇಳಿದರೆ ಬೇಡ ಅನ್ನಿ, ಆ ದರ ಸಾಮಾನ್ಯವಾಗಿ ದುಬಾರಿ.

ಡೆಬಿಟ್ ಕಾರ್ಡು ನೋಡಲು ಅದರಂತೆಯೇ. ಆದರೆ ಹಡಗಿನವರು ಬಿಲ್ಲಿನ ಭದ್ರತೆಗೆಂದು ಮುಂಗಡವಾಗಿ ತಡೆಹಿಡಿಯುವುದು ನಿಮ್ಮ ಸ್ವಂತ ದುಡ್ಡನ್ನು. ಬಿಲ್ಲು ಕಟ್ಟಿದ ಮೇಲೂ ಆ ತಡೆ ತೆರವಾಗಲು ದಿನಗಟ್ಟಲೆ ಹಿಡಿಯಬಹುದು. ಅದೇ ಖಾತೆಯಿಂದ ಮನೆಸಾಲದ ಕಂತು ಹೋಗುವವರು ದೂರವಿರಿ.

ನಗದಿಗೆ ಗೆಸ್ಟ್ ಸರ್ವಿಸಸ್ ಕೌಂಟರಿನಲ್ಲಿ ಠೇವಣಿ ಇಡಬೇಕು. ಅದು ಕರಗಿದರೆ ಮತ್ತೆ ತುಂಬಿಸಬೇಕು, ಉಳಿದದ್ದನ್ನು ಕೊನೆಯಲ್ಲಿ ಕೇಳಿ ಪಡೆಯಬೇಕು. ಕೊನೆಯ ರಾತ್ರಿ ಆ ಕೌಂಟರಿನ ಸಾಲು ರೇಷನ್ ಅಂಗಡಿಯನ್ನು ನೆನಪಿಸುತ್ತದೆ. ಆದರೂ ಮಕ್ಕಳ ಐಸ್‌ಕ್ರೀಮು, ವಿಡಿಯೊ ಗೇಮ್ ಖರ್ಚಿಗೆ ಕಡಿವಾಣ ಬೇಕಾದವರಿಗೆ ಇದು ಒಳ್ಳೆಯದೇ.